ಕೀನ್ಯಾದ ಶಾಲೆಗಳ ಜಂತುಹುಳು ನಕ್ಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೀನ್ಯಾ ದೇಶದ ಶಾಲಾಮಕ್ಕಳಲ್ಲಿ ಜಂತುಹುಳುಗಳ ಸೋಂಕು ಎಲ್ಲೆಲ್ಲಿ ಎಷ್ಟಿದೆ ಎಂದು ತೋರಿಸುವ ನಕ್ಷೆಯೊಂದನ್ನು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಅಚ್ಚು ಮಾಡಿ, ಅದರ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಪಶ್ಚಿಮದಲ್ಲಿ ವಿಕ್ಟೋರಿಯಾ ಸರೋವರದ ಸುತ್ತ ಕಡುಗೆಂಪು, ಹಿಂದೂ ಮಹಾಸಾಗರದ ಕರಾವಳಿಯುದ್ದಕ್ಕೂ ಮತ್ತೆ ಕೆಂಪು, ಉತ್ತರದ ಒಣಭೂಮಿಯೆಲ್ಲ ಬಹುತೇಕ ಬಿಳಿ. ಆ ಬಣ್ಣಗಳು ಅಲ್ಲಿಗೆ ಹೇಗೆ ಬಂದವು, ಅವನ್ನು ಎಷ್ಟರ ಮಟ್ಟಿಗೆ ನಂಬಬಹುದು, ನಂಬಿ ಏನು ಮಾಡಬೇಕು ಎಂದು ಅನೇಕರು ಕೇಳಿ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಸಾಧ್ಯವಾದಷ್ಟು ವಿವರವಾಗಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಒಂದು ಶಾಲೆಯಲ್ಲಿ 50 ಮಕ್ಕಳನ್ನು ಮಾತ್ರ ಪರೀಕ್ಷಿಸುತ್ತಾರೆ ಎಂದು ಬರೆದಿದ್ದೀರಿ. ಬೆರಳೆಣಿಕೆಯ ಶಾಲೆಗಳ ಅಷ್ಟು ಮಕ್ಕಳನ್ನು ನೋಡಿ ಇಡೀ ಪ್ರದೇಶಕ್ಕೆ ಒಂದು ಬಣ್ಣ ಬಳಿಯುವುದು ಸರಿಯೇ? ಎಲ್ಲ ಮಕ್ಕಳನ್ನೂ ಏಕೆ ಪರೀಕ್ಷಿಸುವುದಿಲ್ಲ?

ಉತ್ತರ: ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಬಲ್ಲವರಿಗೆ ಏಳಬೇಕಾದ ಸಂದೇಹವೇ ಇದು. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುವ ಕ್ರಮ ಹೀಗಿದೆ: ಮಳೆ, ಎತ್ತರ, ಮಣ್ಣು, ನೀರಿನ ಆಸರೆ ಇವುಗಳನ್ನು ಗಮನಿಸಿ ದೇಶವನ್ನು ಒಂದೇ ಬಗೆಯ ಪರಿಸರವುಳ್ಳ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲಿ ಐದರಿಂದ ಹತ್ತು ಶಾಲೆಗಳನ್ನು ಆರಿಸಿ, ಪ್ರತಿ ಶಾಲೆಯಲ್ಲಿ ಮೂರನೆಯ ತರಗತಿಯ ಆಸುಪಾಸಿನ 50 ಮಕ್ಕಳನ್ನು ಪರೀಕ್ಷಿಸಬೇಕು. ಎಲ್ಲ ಮಕ್ಕಳ ಮಲವನ್ನೂ ಪರೀಕ್ಷಿಸಲು ಹೊರಟರೆ ಪರೀಕ್ಷೆಯ ಖರ್ಚು ಮಾತ್ರೆಯ ಖರ್ಚಿನ ಹಲವು ಪಟ್ಟಾಗುತ್ತದೆ, ಮತ್ತು ಪರೀಕ್ಷೆ ಮುಗಿಯುವ ಹೊತ್ತಿಗೆ ಮೊದಲು ನೋಡಿದ ಮಕ್ಕಳು ಮೇಲಿನ ತರಗತಿಗೆ ಹೋಗಿರುತ್ತಾರೆ.

50ರ ಸಂಖ್ಯೆ ಎಷ್ಟು ಮಾತನಾಡಬಲ್ಲದು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. 50 ಮಕ್ಕಳಲ್ಲಿ 10 ಮಕ್ಕಳಿಗೆ ಸೋಂಕು ಕಂಡರೆ ಶೇಕಡಾ 20 ಎಂದು ಬರೆಯುತ್ತೇವೆ. ಆದರೆ ಆ ಶಾಲೆಯ ನಿಜವಾದ ಪ್ರಮಾಣ ಸುಮಾರು ಶೇಕಡಾ 10ರಿಂದ 34ರ ನಡುವೆ ಎಲ್ಲಾದರೂ ಇರಬಹುದು. ಅಂದರೆ ಒಂದು ಶಾಲೆಯ ಅಂಕಿಯನ್ನು ಆ ಶಾಲೆಯ ಬಗ್ಗೆ ಕೊನೆಯ ಮಾತಾಗಿ ತೆಗೆದುಕೊಳ್ಳುವಂತಿಲ್ಲ. ಹತ್ತು ಶಾಲೆಗಳ 500 ಮಕ್ಕಳನ್ನು ಒಟ್ಟಿಗೆ ನೋಡಿದಾಗ ವಲಯದ ಅಂಕಿ ಗಟ್ಟಿಯಾಗುತ್ತದೆ, ಆದರೂ ನಾವು ಆಸೆಪಡುವಷ್ಟು ಅಲ್ಲ. ಏಕೆಂದರೆ ಒಂದೇ ಶಾಲೆಯ ಮಕ್ಕಳು ಒಂದೇ ಮಣ್ಣಿನಲ್ಲಿ ಆಡಿ, ಒಂದೇ ನೀರಿಗಿಳಿದವರು, ಅವರ ಫಲಿತಾಂಶಗಳು ಒಂದನ್ನೊಂದು ಹೋಲುತ್ತವೆ. ಹೀಗಾಗಿ ಕೆಲವೇ ಶಾಲೆಗಳಲ್ಲಿ ಹೆಚ್ಚು ಮಕ್ಕಳನ್ನು ನೋಡುವುದಕ್ಕಿಂತ ಹೆಚ್ಚು ಶಾಲೆಗಳಿಗೆ ಹೋಗಿ ಕಡಿಮೆ ಮಕ್ಕಳನ್ನು ನೋಡುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸಮೀಕ್ಷೆಯ ಜೀಪಿಗೆ ಇಂಧನ ಕಡಿಮೆ ಬಿದ್ದಾಗ ಮೊದಲು ಕೈಬಿಡುವುದು ದೂರದ ಶಾಲೆಗಳನ್ನೇ ಎಂಬುದು ಬೇಸರದ ಸಂಗತಿ, ನಕ್ಷೆಗೆ ಅತ್ಯಗತ್ಯವಾಗಿ ಬೇಕಾದ ಶಾಲೆಗಳೂ ಬಹುಪಾಲು ಅವೇ.

ಸಮೀಕ್ಷೆ ಶಾಲೆಯಲ್ಲೇ ಏಕೆ ಎಂದೂ ಕೆಲವರು ಕೇಳಿದ್ದಾರೆ. ದುಂಡುಹುಳು, ಚಾಟಿಹುಳು ಮತ್ತು ನೀರಿಗಿಳಿದಾಗ ತಗುಲುವ ಶಿಸ್ಟೊಸೋಮ ಹುಳುಗಳ ಹೊರೆ ಹೆಚ್ಚಾಗಿರುವುದು ಸಾಮಾನ್ಯವಾಗಿ ಶಾಲಾವಯಸ್ಸಿನ ಮಕ್ಕಳಲ್ಲಿ, ಅವರು ಒಂದೆಡೆ ಸೇರುತ್ತಾರೆ, ಹಾಜರಿ ಪುಸ್ತಕವಿದೆ, ಮುಂದೆ ಮಾತ್ರೆ ಹಂಚುವುದೂ ಅಲ್ಲೇ. ಆದರೆ ಶಾಲೆಗೆ ಸೇರದ ಮಕ್ಕಳು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಇನ್ನೊಂದು ಮಾತು: ಉಪಗ್ರಹದ ನೆರವಿನಿಂದ ಗುರುತಿಸುವ ಸ್ಥಾನ ಶಾಲೆಯ ಅಂಗಳದ್ದು, ಮಗುವಿನ ಮನೆಯದ್ದಲ್ಲ. ಸೋಂಕು ತಗುಲಿದ್ದು ಮೂರು ಕಿಲೋಮೀಟರ್ ಆಚೆಯ ಹಿತ್ತಲಿನಲ್ಲಿದ್ದರೂ ನಕ್ಷೆಯ ಚುಕ್ಕೆ ಶಾಲೆಯ ಮೇಲೆಯೇ ಕೂರುತ್ತದೆ.

ಪ್ರಶ್ನೆ: ಪ್ರಯೋಗಾಲಯ ತಂತ್ರಜ್ಞಾನ ಓದುತ್ತಿರುವ ವಿದ್ಯಾರ್ಥಿ ನಾನು. ಹಳ್ಳಿಯ ಶಾಲೆಯಲ್ಲಿ ಕುಳಿತು ಹುಳುವಿನ ಸೋಂಕನ್ನು ಎಣಿಸುವುದು ಹೇಗೆ? ಫಲಿತಾಂಶ ‘ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಬರುತ್ತದೆಯೇ?

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನಕ್ಷೆಯ ಪ್ರತಿಯೊಂದು ಬಣ್ಣದ ಬುಡದಲ್ಲಿ ಇರುವುದು ಈ ಕೆಲಸವೇ.

ಹೊರೆಯ ಅಂದಾಜಿಗೆ ಹೆಚ್ಚಾಗಿ ಬಳಸುವುದು ಕಾಟೊ–ಕಾಟ್ಜ್ ವಿಧಾನ. 1954ರಲ್ಲಿ ಜಪಾನಿನಲ್ಲಿ ಕಾಟೊ ಮತ್ತು ಅವರ ಸಹೋದ್ಯೋಗಿ ರೂಪಿಸಿದ್ದನ್ನು 1972ರಲ್ಲಿ ಬ್ರೆಜಿಲ್‌ನ ಕಾಟ್ಜ್ ಮತ್ತು ಸಂಗಡಿಗರು ಅಳತೆಯ ವಿಧಾನವಾಗಿ ಮಾರ್ಪಡಿಸಿದರು. ಬೆಳಿಗ್ಗೆ ಪ್ರತಿ ಮಗುವಿಗೂ ಸಂಖ್ಯೆ ಬರೆದ ಮುಚ್ಚಳವಿರುವ ಒಂದು ಸಣ್ಣ ಡಬ್ಬಿ ಕೊಡುತ್ತಾರೆ. ಡಬ್ಬಿ ಹಿಡಿದು ಹೋಗುವಾಗ ಮಕ್ಕಳು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಹಿಂತಿರುಗಿ ಬರುವಾಗ ಎಲ್ಲರ ಕೈಯೂ ಬೆನ್ನ ಹಿಂದೆ. ಆ ಸಂಕೋಚವನ್ನು ಗೌರವಿಸಿ, ಡಬ್ಬಿಯನ್ನು ಸದ್ದಿಲ್ಲದೆ ತೆಗೆದುಕೊಂಡು ಸಾಲಿನಲ್ಲಿ ಇಡುವ ಸಿಬ್ಬಂದಿ ಇದ್ದರೆ ಮರುದಿನ ಇನ್ನಷ್ಟು ಮಕ್ಕಳು ಡಬ್ಬಿ ತರುತ್ತಾರೆ. ಯಾವ ಕೈಪಿಡಿಗಿಂತಲೂ ಇದು ಮಾದರಿಗಳ ಸಂಖ್ಯೆಯನ್ನು ನಿರ್ಧರಿಸುತ್ತದೆ.

ಮಲವನ್ನು ಸಣ್ಣ ಕಣ್ಣಿನ ಜಾಲರಿಯ ಮೂಲಕ ಒತ್ತಿ ನಾರು, ಸಿಪ್ಪೆಗಳನ್ನು ಬೇರ್ಪಡಿಸುತ್ತಾರೆ. ಗಾಜಿನ ಪಟ್ಟಿಯ ಮೇಲೆ ನಡುವೆ ತೂತಿರುವ ಒಂದು ಅಚ್ಚನ್ನು ಇಟ್ಟು, ಸೋಸಿದ ಮಲವನ್ನು ಆ ತೂತಿಗೆ ತುಂಬಿ, ಅಂಚಿಗೆ ಸಮನಾಗಿ ಸವರುತ್ತಾರೆ. ತೂತು ಹಿಡಿಯುವುದು 41.7 ಮಿಲಿಗ್ರಾಂ, ಅಂದರೆ ಒಂದು ಗ್ರಾಂನ 24ನೆಯ ಒಂದು ಭಾಗ. ಅಚ್ಚನ್ನು ಮೇಲಕ್ಕೆತ್ತಿ, ಗ್ಲಿಸರಿನ್ ಮತ್ತು ಹಸಿರು ಬಣ್ಣದ ದ್ರಾವಣದಲ್ಲಿ ನೆನೆಸಿಟ್ಟ ಸೆಲ್ಲೊಫೇನ್ ತುಣುಕನ್ನು ಮುಚ್ಚಿ, ಪಟ್ಟಿಯನ್ನು ಬೋರಲಾಗಿಸಿ ನಯವಾದ ಮೇಲ್ಮೈಗೆ ಒತ್ತಿದಾಗ ಮಲ ತೆಳುವಾದ ವೃತ್ತವಾಗಿ ಹರಡುತ್ತದೆ. ಗ್ಲಿಸರಿನ್ ನಿಧಾನವಾಗಿ ಒಳಗಿಳಿದು ಅದನ್ನು ಪಾರದರ್ಶಕವಾಗಿಸುತ್ತದೆ, ಮೊಟ್ಟೆಗಳು ಕಾಣಿಸಿಕೊಳ್ಳುತ್ತವೆ: ಕಂದು ಬಣ್ಣದ, ಉಬ್ಬುತಗ್ಗಿನ ಚಿಪ್ಪಿನ ದುಂಡುಹುಳುವಿನ ಮೊಟ್ಟೆ, ಎರಡು ತುದಿಗೂ ಬಿರಡೆ ಹಾಕಿದ ಪೀಪಾಯಿಯಂತಹ ಚಾಟಿಹುಳುವಿನ ಮೊಟ್ಟೆ, ಬದಿಯಲ್ಲಿ ಮುಳ್ಳಿರುವ ಶಿಸ್ಟೊಸೋಮ ಮ್ಯಾನ್ಸೋನಿಯ (ಶಿಸ್ಟೊಸೋಮದ ಕರುಳಿನ ಬಗೆ) ಮೊಟ್ಟೆ.

ತೊಡಕಿರುವುದು ಕೊಕ್ಕೆಹುಳುವಿನ ಮೊಟ್ಟೆಯಲ್ಲಿ. ಅದರ ಚಿಪ್ಪು ಎಷ್ಟು ತೆಳು ಎಂದರೆ, ಉಳಿದ ಮೊಟ್ಟೆಗಳನ್ನು ಕಾಣಿಸುವ ಅದೇ ಗ್ಲಿಸರಿನ್ ಇದನ್ನು ಅಳಿಸಿಬಿಡುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪಟ್ಟಿಯನ್ನು ನೋಡಿ ಮುಗಿಸದಿದ್ದರೆ ಕೊಕ್ಕೆಹುಳು ಇದ್ದ ಮಗುವೂ ‘ಇಲ್ಲ’ ಎಂಬ ಲೆಕ್ಕಕ್ಕೆ ಸೇರುತ್ತದೆ. ಸೂಕ್ಷ್ಮದರ್ಶಕಕ್ಕೆ ಬೆಳಕು ಸಾಲದ, ಮೋಡ ಕವಿದ ಮಧ್ಯಾಹ್ನಗಳಲ್ಲಿ ಪಟ್ಟಿಗಳು ಸಾಲಾಗಿ ಕಾಯುತ್ತಿರುವುದನ್ನು ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಕಾಯುತ್ತಿದ್ದ ಒಂದೊಂದು ಪಟ್ಟಿಯಲ್ಲೂ ಒಂದೊಂದು ಮಗುವಿನ ಉತ್ತರ ಕಣ್ಣೆದುರೇ ಕರಗುತ್ತಿರುತ್ತದೆ. ಆದ್ದರಿಂದಲೇ ಒಳ್ಳೆಯ ಸಮೀಕ್ಷೆಯಲ್ಲಿ ಒಂದು ಮಾದರಿಯಿಂದ ಎರಡು ಪಟ್ಟಿ ತಯಾರಿಸಿ, ಇಬ್ಬರು ಬೇರೆ ಬೇರೆಯಾಗಿ ಎಣಿಸುತ್ತಾರೆ, ಮತ್ತು ಒಂದು ಪಾಲನ್ನು ಹಿರಿಯ ತಂತ್ರಜ್ಞರು ಮರುಪರಿಶೀಲಿಸುತ್ತಾರೆ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ‘ಇದೆ–ಇಲ್ಲ’ ಎಂಬುದು ಅರ್ಧ ಉತ್ತರ. ಪಟ್ಟಿಯಲ್ಲಿ ಕಂಡ ಮೊಟ್ಟೆಗಳ ಸಂಖ್ಯೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿರುವ ಮೊಟ್ಟೆಗಳ ಅಂದಾಜು ಸಿಗುತ್ತದೆ. ದುಂಡುಹುಳುವಿಗೆ ಗ್ರಾಂಗೆ 5,000ಕ್ಕಿಂತ ಕಡಿಮೆ ಇದ್ದರೆ ಹಗುರ ಸೋಂಕು, 50,000 ಮುಟ್ಟಿದರೆ ತೀವ್ರ. ಕೊಕ್ಕೆಹುಳುವಿಗೆ 2,000ದಿಂದ ಮಧ್ಯಮ, 4,000ದಿಂದ ತೀವ್ರ. ಅಂಕಿಗಳ ನಡುವೆ ಇಷ್ಟು ಅಂತರವೇಕೆ ಎಂದರೆ, ಒಂದು ಹೆಣ್ಣು ದುಂಡುಹುಳು ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡಬಲ್ಲದು. ಕೊಕ್ಕೆಹುಳು ಅದರ ಸಣ್ಣದೊಂದು ಪಾಲನ್ನು ಮಾತ್ರ ಇಡುತ್ತದೆ, ಆದರೆ ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹುಳುಗಳ ಹೊರೆ ಮಕ್ಕಳಲ್ಲಿ ಸಮನಾಗಿ ಹಂಚಿಹೋಗಿರುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ. ಬಹುತೇಕ ಮಕ್ಕಳಲ್ಲಿ ಕೆಲವೇ ಹುಳುಗಳು, ಕೆಲವೇ ಮಕ್ಕಳಲ್ಲಿ ಬಹಳಷ್ಟು ಹುಳುಗಳು. ರಕ್ತಹೀನತೆ, ಕುಂಠಿತ ಬೆಳವಣಿಗೆ, ಕರುಳಿಗೆ ಅಡ್ಡಿ ಇವೆಲ್ಲ ಹೆಚ್ಚಾಗಿ ಕಾಣುವುದು ಆ ಕೆಲವೇ ಮಕ್ಕಳಲ್ಲಿ. ಶೇಕಡಾವಾರು ಪ್ರಮಾಣವನ್ನಷ್ಟೇ ಬಣ್ಣವಾಗಿಸಿದ ನಕ್ಷೆಯಲ್ಲಿ ಅವರು ಕಾಣಿಸುವುದಿಲ್ಲ. ತೀವ್ರತೆಯ ಇನ್ನೊಂದು ನಕ್ಷೆ ಅದರ ಪಕ್ಕದಲ್ಲೇ ಇರಬೇಕು. ಕಳೆದ ಸಂಚಿಕೆಯಲ್ಲಿ ನಾನೂ ಅದನ್ನು ಕೊಡಬೇಕಿತ್ತು.

ಪ್ರಶ್ನೆ: ಹುಳು ಬರಿಗಣ್ಣಿಗೇ ಕಾಣುತ್ತದಲ್ಲ, ಪೋಷಕರನ್ನು ಕೇಳಿದರೆ ಸಾಲದೇ?

ಉತ್ತರ: ಸಾಲದು. ಬರಿಗಣ್ಣಿಗೆ ಬೀಳುವುದು ಸಾಮಾನ್ಯವಾಗಿ ದುಂಡುಹುಳು, ಅದೂ ಅಪರೂಪಕ್ಕೆ. ಕೊಕ್ಕೆಹುಳು ಒಂದು ಸೆಂಟಿಮೀಟರಿನಷ್ಟಿದ್ದು ಕರುಳಿಗೆ ಕಚ್ಚಿಕೊಂಡೇ ಇರುತ್ತದೆ, ಶಿಸ್ಟೊಸೋಮ ಇರುವುದು ರಕ್ತನಾಳಗಳೊಳಗೆ. ಕೇಳಿ ತಿಳಿಯಬಹುದಾದ ಒಂದು ಸೋಂಕು ಮಾತ್ರ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಪ್ರಶ್ನೆ: ನಕ್ಷೆಯಲ್ಲಿ ಉತ್ತರದ ತುರ್ಕಾನಾ, ಮಾರ್ಸಾಬಿಟ್, ವಾಜಿರ್, ಮಂಡೇರಾ ಇವೆಲ್ಲ ಬಿಳಿಯಾಗಿವೆ. ಬಡತನ, ನೀರಿನ ಕೊರತೆ, ಶೌಚಾಲಯದ ಕೊರತೆ ಹೆಚ್ಚಿರುವ ಕಡೆಯೇ ಹುಳು ಕಡಿಮೆ ಎಂದರೆ ನಂಬುವುದು ಹೇಗೆ?

ಉತ್ತರ: ಹುಳುವಿನ ಜೀವನಕ್ರಮವನ್ನು ಹಿಡಿದು ಹೊರಟರೆ ಇದು ಅರ್ಥವಾಗುತ್ತದೆ. ಮಲದೊಡನೆ ಹೊರಬಿದ್ದ ದುಂಡುಹುಳು, ಚಾಟಿಹುಳುಗಳ ಮೊಟ್ಟೆ ತಕ್ಷಣ ಸೋಂಕು ತರಲಾರದು. ತೇವವಿರುವ, ನೆರಳಿರುವ, ಹದವಾಗಿ ಬೆಚ್ಚಗಿರುವ ಮಣ್ಣಿನಲ್ಲಿ ಕೆಲವು ವಾರ ಬಲಿಯಬೇಕು. ಕೊಕ್ಕೆಹುಳುವಿನ ಮೊಟ್ಟೆ ಮಣ್ಣಿನಲ್ಲೇ ಒಡೆದು, ಮರಿ ಹೊರಬಂದು, ಬರಿಗಾಲಿನ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಕಾದು ಒಣಗಿದ ನೆಲದಲ್ಲಿ ಇವು ಉಳಿಯುವುದಿಲ್ಲ. ಆಫ್ರಿಕಾದ ಹಲವು ದೇಶಗಳ ಸಮೀಕ್ಷೆಗಳನ್ನು ಉಪಗ್ರಹಗಳು ಅಳೆದ ನೆಲದ ಮೇಲ್ಮೈ ತಾಪಮಾನದೊಡನೆ ಹೋಲಿಸಿದಾಗ, ಅದು 36–37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶಗಳಲ್ಲಿ ದುಂಡುಹುಳು, ಚಾಟಿಹುಳುಗಳು ತೀರ ವಿರಳವೆಂದು ಕಂಡುಬಂತು. ಕೊಕ್ಕೆಹುಳು ಇನ್ನೂ ಸ್ವಲ್ಪ ಬಿಸಿಯನ್ನು ತಾಳುತ್ತದೆ, ಏಕೆಂದರೆ ಅದರ ಮರಿಗೆ ಚಲನೆಯಿದೆ. ಮೇಲ್ಮಣ್ಣು ಕಾದರೆ ಅದು ತಂಪಿರುವ ಕೆಳಪದರಕ್ಕೆ ಇಳಿಯಬಲ್ಲದು. ಮೊಟ್ಟೆಗೆ ಆ ಅನುಕೂಲವಿಲ್ಲ.

ಈ ಸಂಬಂಧ ತಿಳಿದ ಮೇಲೆ ಸಮೀಕ್ಷೆ ಮಾಡದ ಜಾಗಗಳಿಗೂ ತಾಪಮಾನ, ಮಳೆ, ಎತ್ತರಗಳ ಆಧಾರದ ಮೇಲೆ ಅಂದಾಜು ಕಟ್ಟುವುದು ಸಾಧ್ಯವಾಯಿತು. 2010ರಲ್ಲಿ ಆರಂಭವಾದ ಜಾಗತಿಕ ಜಂತುಹುಳು ಅಟ್ಲಾಸ್‌ನ ಬೆನ್ನೆಲುಬು ಇದೇ: ಹಳೆಯ, ಹೊಸ ಸಮೀಕ್ಷೆಗಳನ್ನೆಲ್ಲ ಹುಡುಕಿ, ಒಂದೊಂದು ಶಾಲೆಯ ಅಕ್ಷಾಂಶ–ರೇಖಾಂಶ ಗುರುತಿಸಿ, ನಡುವಿನ ಖಾಲಿ ಜಾಗವನ್ನು ಗಣಿತದಿಂದ ತುಂಬುವುದು.

ಆದರೆ ನಿಮ್ಮ ಸಂದೇಹದಲ್ಲಿ ಒಂದು ನಿಜವಿದೆ, ಅದನ್ನು ನಾನು ಬಿಟ್ಟುಕೊಡಲಾರೆ. ‘ಪರೀಕ್ಷಿಸಿ ಇಲ್ಲವೆಂದು ಕಂಡದ್ದು’, ‘ಪರೀಕ್ಷಿಸದೆ ಇರಲಾರದು ಎಂದು ಲೆಕ್ಕ ಹಾಕಿದ್ದು’, ‘ಯಾರೂ ಹೋಗಿ ನೋಡದೇ ಇದ್ದದ್ದು’ ಇವು ಮೂರೂ ನಕ್ಷೆಯಲ್ಲಿ ಒಂದೇ ಬಿಳಿ ಬಣ್ಣದಲ್ಲಿ ಬರುತ್ತವೆ. ಮೂರಕ್ಕೂ ಬೇರೆ ಬೇರೆ ಗುರುತು ಹಾಕದ ನಕ್ಷೆಯನ್ನು ಆರೋಗ್ಯ ಇಲಾಖೆಗಳು ಒಪ್ಪಲೇಬಾರದು. ಒಣಭೂಮಿಯ ನಡುವೆ ಹಾದುಹೋಗುವ ತಾನಾ ನದಿಯನ್ನೇ ನೋಡಿ. ಸುತ್ತಲಿನ ಹವಾಮಾನವನ್ನಷ್ಟೇ ಲೆಕ್ಕ ಹಿಡಿದರೆ ಅಲ್ಲಿ ಅಪಾಯ ಕಡಿಮೆ ಎಂದೇ ತೋರಬೇಕು; ನದಿಯ ದಂಡೆಯಲ್ಲೂ ಹೋಲಾದ ನೀರಾವರಿ ಕಾಲುವೆಗಳ ಬದಿಯಲ್ಲೂ ಮೂತ್ರಕೋಶದ ಶಿಸ್ಟೊಸೋಮ ಸೋಂಕು ಬಹುಕಾಲದಿಂದ ಇದೆ.

ಪ್ರಶ್ನೆ: ಸರೋವರದ ಬಳಿ ಅಕ್ಕಪಕ್ಕದ ಎರಡು ಶಾಲೆಗಳಿಗೆ ಒಂದಕ್ಕೆ ಕಡುಗೆಂಪು, ಇನ್ನೊಂದಕ್ಕೆ ತಿಳಿಗುಲಾಬಿ ಚುಕ್ಕೆ ಇದೆ. ಅಚ್ಚಿನ ತಪ್ಪೇ?

ಉತ್ತರ: ಅಚ್ಚಿನ ತಪ್ಪಲ್ಲ, ಶಿಸ್ಟೊಸೋಮದ ಸ್ವಭಾವವೇ ಅದು. ಈ ಹುಳುವಿನ ಮರಿ ಮನುಷ್ಯನನ್ನು ತಲುಪುವ ಮುನ್ನ ಸಿಹಿನೀರಿನ ಬಸವನಹುಳುವೊಂದರ ದೇಹದಲ್ಲಿ ಬೆಳೆಯಬೇಕು. ಕರುಳಿನ ಬಗೆಯ ಶಿಸ್ಟೊಸೋಮಕ್ಕೆ ಬಯೊಂಫಲೇರಿಯಾ, ಮೂತ್ರಕೋಶದ ಬಗೆಯದಕ್ಕೆ ಬುಲೈನಸ್ ಎಂಬ ಬಸವನಹುಳು. ಅವು ಇರುವ ನೀರಿಗೆ ಮಕ್ಕಳು ಇಳಿದರೆ ಮಾತ್ರ ಸೋಂಕು. ಆದ್ದರಿಂದ ದಡದಲ್ಲೇ ಇರುವ ಶಾಲೆಯ ಮಕ್ಕಳು, ದಿನಾಲೂ ಸರೋವರದಲ್ಲಿ ಮೀಯುವವರು, ನೀರು ಹೊರುವವರು, ಬಲೆ ಎಳೆಯಲು ಅಪ್ಪನಿಗೆ ನೆರವಾಗುವವರು ಬಹುಪಾಲು ಸೋಂಕಿತರಾಗಿದ್ದು, ಕೆಲವು ಕಿಲೋಮೀಟರ್ ಒಳನಾಡಿನ ಶಾಲೆಯಲ್ಲಿ ಬೆರಳೆಣಿಕೆಯ ಮಕ್ಕಳಷ್ಟೇ ಸೋಂಕಿತರಾಗಿರಬಹುದು. ನೆರೆಯ ಉಗಾಂಡಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇದು ಸ್ಪಷ್ಟವಾಗಿ ಕಂಡಿತು: ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸರೋವರಗಳ ದಡದಿಂದ 5 ಕಿಲೋಮೀಟರ್ ಒಳಗಿನ ಶಾಲೆಗಳಲ್ಲಿ ಸೋಂಕು ಅತಿ ಹೆಚ್ಚು, ಸಮುದ್ರಮಟ್ಟಕ್ಕಿಂತ 1,400 ಮೀಟರ್ ಮೀರಿದ ಎತ್ತರದಲ್ಲಿ ಅಥವಾ ವರ್ಷಕ್ಕೆ 900 ಮಿಲಿಮೀಟರ್‌ಗಿಂತ ಕಡಿಮೆ ಮಳೆಯಾಗುವಲ್ಲಿ ಬಹುತೇಕ ಇಲ್ಲ.

ಇಂತಹ ಸೋಂಕಿಗೆ ಪ್ರದೇಶದ ಸರಾಸರಿ ತೆಗೆಯುವುದು ಮಕ್ಕಳಿಗೆ ಮಾಡುವ ಅನ್ಯಾಯ. ದಡದ ಶಾಲೆಯಲ್ಲಿ ಶೇಕಡಾ 80, ಒಳನಾಡಿನ ನಾಲ್ಕು ಶಾಲೆಗಳಲ್ಲಿ ಶೇಕಡಾ 2 ಎಂದಿಟ್ಟುಕೊಂಡರೆ ಸರಾಸರಿ ಶೇಕಡಾ 18ರ ಆಸುಪಾಸಿಗೆ ಬರುತ್ತದೆ. ಆ 18 ಯಾವ ಶಾಲೆಯ ಸ್ಥಿತಿಯೂ ಅಲ್ಲ. ಅದನ್ನು ನೆಚ್ಚಿ ಯೋಜನೆ ಹಾಕಿದರೆ ದಡದ ಮಕ್ಕಳಿಗೆ ಸಾಲದು, ಒಳನಾಡಿನವರಿಗೆ ಬೇಡವಾದದ್ದು. ಮಣ್ಣಿನ ಮೂಲಕ ಹರಡುವ ಹುಳುಗಳಿಗೆ ವಲಯಕ್ಕೊಂದು ಅಂಕಿ ನಡೆದೀತು. ಶಿಸ್ಟೊಸೋಮಕ್ಕೆ ಶಾಲೆಯಿಂದ ಶಾಲೆಗೆ ಹೋಗಲೇಬೇಕು. ಸರೋವರದಿಂದ ದೂರವಿರುವ ಮ್ವೇಯಾದ ಭತ್ತದ ಗದ್ದೆಗಳಲ್ಲಿ ಈ ಸೋಂಕು ನೆಲೆಯೂರಿದ್ದು ನೀರಾವರಿಯ ಕಾಲುವೆಗಳಿಂದ. ಹೊಸ ಕಾಲುವೆ ತೆಗೆದ ಕಡೆ ಹಳೆಯ ನಕ್ಷೆಯನ್ನು ನಂಬಿ ಕೂರುವಂತಿಲ್ಲ.

ಕೇಳಿ ತಿಳಿಯಬಹುದಾದ ಸೋಂಕು ಒಂದಿದೆ ಎಂದೆನಲ್ಲ, ಅದು ಕ್ವಾಲೆ, ತಾನಾ ನದಿಯಂತಹ ಕರಾವಳಿ ಭಾಗದ ಮೂತ್ರಕೋಶದ ಶಿಸ್ಟೊಸೋಮ. ಇದರಲ್ಲಿ ಮೂತ್ರದೊಡನೆ ರಕ್ತ ಹೋಗುತ್ತದೆ, ಮಕ್ಕಳಿಗೆ ಅದು ಕಾಣುತ್ತದೆ, ನೆನಪಿರುತ್ತದೆ. ತಾಂಜಾನಿಯಾದಲ್ಲಿ 1980ರ ದಶಕದಲ್ಲಿ ಶಾಲೆಗಳಿಗೆ ಪ್ರಶ್ನಾವಳಿ ಕಳುಹಿಸಿ, ಶಿಕ್ಷಕರೇ ಮಕ್ಕಳನ್ನು ಕೇಳಿ ಬರೆದುಕೊಳ್ಳುವ ಪ್ರಯೋಗ ನಡೆಯಿತು. ಹಲವು ರೋಗಲಕ್ಷಣಗಳ ಸಾಲಿನಲ್ಲಿ ಕೆಂಪು ಮೂತ್ರದ ಪ್ರಶ್ನೆಯನ್ನೂ ಸೇರಿಸಿ, ಯಾವುದನ್ನು ಹುಡುಕುತ್ತಿದ್ದೇವೆ ಎಂಬುದು ಎದ್ದು ಕಾಣದಂತೆ ಕೇಳಿದ್ದು ಅದರ ಜಾಣತನ. ಹೆಚ್ಚು ಸೋಂಕಿರುವ ಶಾಲೆಗಳನ್ನು ಆ ಉತ್ತರಗಳು ಚೆನ್ನಾಗಿಯೇ ಬೇರ್ಪಡಿಸಿದವು, ಮತ್ತು ಈ ವಿಧಾನವನ್ನು ಮುಂದೆ ಆಫ್ರಿಕಾದ ಬೇರೆ ದೇಶಗಳೂ ಬಳಸಿದವು. ಹೆಣ್ಣುಮಕ್ಕಳು, ವಿಶೇಷವಾಗಿ ದೊಡ್ಡವರು, ಹೇಳಲು ಹಿಂಜರಿಯುತ್ತಾರೆ ಎಂಬ ಮಿತಿ ಮಾತ್ರ ಉಳಿದೇ ಇದೆ.

ಪ್ರಶ್ನೆ: ಮಾತ್ರೆ ಅಗ್ಗ, ಸುರಕ್ಷಿತ ಎಂದು ನೀವೇ ಹೇಳುತ್ತೀರಿ. ಹಾಗಾದರೆ ನಕ್ಷೆಗೆ ಸುರಿಯುವ ಹಣದಲ್ಲಿ ದೇಶದ ಎಲ್ಲ ಮಕ್ಕಳಿಗೂ ಮಾತ್ರೆ ಕೊಟ್ಟುಬಿಡಬಹುದಲ್ಲ?

ಉತ್ತರ: ಅನೇಕರು ಕೇಳಿರುವ ಪ್ರಶ್ನೆ. ಇದರ ಅರ್ಧ ಭಾಗವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿದೆ: ಒಂದು ಪ್ರದೇಶದಲ್ಲಿ ಮಣ್ಣಿನ ಮೂಲಕ ಹರಡುವ ಹುಳುಗಳ ಸೋಂಕು ಶೇಕಡಾ 20 ಮುಟ್ಟಿದರೆ ಒಬ್ಬೊಬ್ಬರನ್ನೂ ಪರೀಕ್ಷಿಸದೆ ಎಲ್ಲ ಮಕ್ಕಳಿಗೂ ವರ್ಷಕ್ಕೊಮ್ಮೆ, ಶೇಕಡಾ 50 ಮುಟ್ಟಿದರೆ ಎರಡು ಬಾರಿ ಮಾತ್ರೆ. 400 ಮಿಲಿಗ್ರಾಂ ಅಲ್ಬೆಂಡಜೋಲ್ ಅಥವಾ 500 ಮಿಲಿಗ್ರಾಂ ಮೆಬೆಂಡಜೋಲ್, ಒಂದೇ ಮಾತ್ರೆ, ವಯಸ್ಸು ತೂಕಗಳ ಲೆಕ್ಕವಿಲ್ಲದೆ ಶಾಲಾಮಕ್ಕಳೆಲ್ಲರಿಗೂ ಒಂದೇ ಪ್ರಮಾಣ. ಶಿಸ್ಟೊಸೋಮಕ್ಕೆ ಕೊಡುವ ಪ್ರಾಜಿಕ್ವಾಂಟೆಲ್ ತೂಕಕ್ಕೆ ತಕ್ಕಂತೆ, ಕಿಲೋಗ್ರಾಂಗೆ 40 ಮಿಲಿಗ್ರಾಂ. ತಕ್ಕಡಿ ಹೊತ್ತು ತಿರುಗುವ ಬದಲು ಮಗುವನ್ನು ಗುರುತು ಹಾಕಿದ ಕೋಲಿನ ಪಕ್ಕ ನಿಲ್ಲಿಸಿ, ಎತ್ತರ ನೋಡಿ ಎಷ್ಟು ಮಾತ್ರೆ ಎಂದು ತೀರ್ಮಾನಿಸುತ್ತಾರೆ.

ಇನ್ನರ್ಧ ಭಾಗವನ್ನು ನಾನು ಒಪ್ಪುವುದಿಲ್ಲ. ಈ ಮಾತ್ರೆಗಳ ಬಹುಪಾಲು ಔಷಧ ಕಂಪನಿಗಳ ದಾನದಿಂದ ಬರುತ್ತದೆ, ಪ್ರಾಜಿಕ್ವಾಂಟೆಲ್ ಅಂತೂ ಬೇಡಿಕೆಯಷ್ಟು ಸಿಗದೆ ವರ್ಷಗಟ್ಟಲೆ ಕೊರತೆ ಇತ್ತು. ಶೇಕಡಾ 1 ಸೋಂಕಿರುವ ಶಾಲೆಗೆ ಹೋದ ಪೆಟ್ಟಿಗೆ, ಶೇಕಡಾ 60 ಇರುವ ಶಾಲೆಗೆ ಹೋಗಬೇಕಾದದ್ದು. ಸೋಂಕು ಕಡಿಮೆ ಇರುವಲ್ಲಿ ಮಗುವಿಗೆ ವರ್ಷವರ್ಷವೂ ಬೇಡದ ಔಷಧ ಕೊಡುವುದು, ಪೋಷಕರ ನಂಬಿಕೆಯನ್ನು ಸುಮ್ಮನೆ ಖರ್ಚು ಮಾಡುವುದು, ಔಷಧಕ್ಕೆ ಬಗ್ಗದ ಹುಳುಗಳ ತಳಿಗೆ ದಾರಿಯಾಗಬಹುದೆಂಬ ಭಯ ಇವೂ ಇವೆ. ಎಲ್ಲಕ್ಕಿಂತ ಹೆಚ್ಚಾಗಿ, ಆರಂಭದ ಅಂಕಿ ಇಲ್ಲದಿದ್ದರೆ ಐದು ವರ್ಷದ ಮೇಲೆ ಸೋಂಕು ಇಳಿದಿದೆಯೇ ಎಂದು ಹೇಳಲು ಆಧಾರವೇ ಇರುವುದಿಲ್ಲ. ಕೀನ್ಯಾದಲ್ಲಿ ಮಾತ್ರೆ ಹಂಚಿಕೆಯ ಮೊದಲ ರಾಷ್ಟ್ರೀಯ ಸುತ್ತು ನಡೆದದ್ದು 2009ರಲ್ಲಿ. 2012ರಲ್ಲಿ ಕಾರ್ಯಕ್ರಮ ಮತ್ತೆ ವ್ಯವಸ್ಥಿತವಾಗಿ ಆರಂಭವಾದಾಗ ಕೀನ್ಯಾ ವೈದ್ಯಕೀಯ ಸಂಶೋಧನಾ ಸಂಸ್ಥೆ 200 ಶಾಲೆಗಳಲ್ಲಿ ಆರಂಭದ ಸಮೀಕ್ಷೆ ನಡೆಸಿತು. ಸುಮಾರು ಮೂರರಲ್ಲೊಂದು ಪಾಲು ಮಕ್ಕಳಲ್ಲಿ ಮಣ್ಣಿನ ಮೂಲಕ ಹರಡುವ ಯಾವುದಾದರೂ ಒಂದು ಹುಳು ಕಂಡಿತು. ನಂತರದ ವರ್ಷಗಳ ಮರುಸಮೀಕ್ಷೆಗಳಲ್ಲಿ ಅದು ಮೊದಲಿದ್ದುದರ ಅರ್ಧಕ್ಕಿಂತ ಕೆಳಗಿಳಿಯಿತು. ಇಳಿಯಿತು ಎಂಬ ಈ ಒಂದು ವಾಕ್ಯವನ್ನು ಬರೆಯಲು ಸಾಧ್ಯವಾದದ್ದು ಮೊದಲ ಸಮೀಕ್ಷೆಯಿಂದ.

ಪ್ರಶ್ನೆ: ಹುಳುವಿನ ಮಾತ್ರೆ ಕೊಟ್ಟರೆ ಮಕ್ಕಳ ಹಾಜರಾತಿ ಹೆಚ್ಚುತ್ತದೆ ಎಂದು ಓದಿದ್ದೆ. ಅದು ಸುಳ್ಳೆಂದು ಸಾಬೀತಾಯಿತು ಎಂದೂ ಓದಿದೆ. ಯಾವುದು ನಿಜ?

ಉತ್ತರ: ನೀವು ಹೇಳುತ್ತಿರುವುದು ಕೀನ್ಯಾದ ಪಶ್ಚಿಮ ಗಡಿಯ ಬುಸಿಯಾದಲ್ಲಿ 1998ರಿಂದ 75 ಶಾಲೆಗಳಲ್ಲಿ ನಡೆದ ಅಧ್ಯಯನ. ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೇಮರ್ 2004ರಲ್ಲಿ ಪ್ರಕಟಿಸಿದರು. ಕ್ರೇಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೆಯಾಯಿತು. ಗೈರುಹಾಜರಿ ಸುಮಾರು ಕಾಲು ಭಾಗದಷ್ಟು ಇಳಿಯಿತು ಎಂದು ಅವರು ಹೇಳಿದರು. 2015ರಲ್ಲಿ ಬೇರೆ ಸಂಶೋಧಕರು ಅದೇ ದತ್ತಾಂಶವನ್ನು ಮರುಪರಿಶೀಲಿಸಿ ಲೆಕ್ಕದ ಕೆಲವು ತಪ್ಪುಗಳನ್ನು, ವಿಶ್ಲೇಷಣೆಯ ಕೆಲವು ದೌರ್ಬಲ್ಯಗಳನ್ನು ತೋರಿಸಿದರು, ಮತ್ತು ದೊಡ್ಡ ವಾದವೇ ನಡೆಯಿತು. ವೈದ್ಯಕೀಯ ಪುರಾವೆಗಳನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ, ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳು ಸಾಮೂಹಿಕ ಮಾತ್ರೆಯಿಂದ ಸರಾಸರಿ ತೂಕ, ಕಲಿಕೆಗಳ ಮೇಲೆ ಹೇಳಿಕೊಳ್ಳುವಂತಹ ಪರಿಣಾಮ ಕಾಣುವುದಿಲ್ಲ ಎನ್ನುತ್ತವೆ.

ನಕ್ಷೆ ಹಿಡಿದು ಕುಳಿತವರಿಗೆ ಈ ವಾದದಲ್ಲಿ ಕಾಣುವ ಸಂಗತಿ ಒಂದಿದೆ. ಬುಸಿಯಾದಲ್ಲಿ ಆರಂಭದಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಶೇಕಡಾ 92 ಮಂದಿಗೆ ಯಾವುದಾದರೂ ಒಂದು ಹುಳುವಿನ ಸೋಂಕಿತ್ತು. ಶೇಕಡಾ 37 ಮಂದಿಗೆ ಮಧ್ಯಮ ಅಥವಾ ತೀವ್ರ ಮಟ್ಟದ್ದು. ಸರೋವರ ಹತ್ತಿರ, ಅದೂ ಎಲ್ ನಿನೋದ ಭಾರಿ ಮಳೆಯ ವರ್ಷ. ಅಲ್ಲಿ ಕಂಡ ಲಾಭವನ್ನು ಶೇಕಡಾ 10 ಹಗುರ ಸೋಂಕಿರುವ ಊರಿಗೆ ಹಾಗೆಯೇ ಎತ್ತಿ ಅಂಟಿಸುವುದೂ ತಪ್ಪು, ಹಗುರ ಸೋಂಕಿನ ಊರುಗಳನ್ನೂ ಸೇರಿಸಿ ತೆಗೆದ ಸರಾಸರಿಯಿಂದ ಬುಸಿಯಾದ ಮಕ್ಕಳಿಗೆ ಲಾಭವಾಗಿಲ್ಲ ಎನ್ನುವುದೂ ತಪ್ಪು. ಸೋಂಕಿರುವ ಮಗುವಿಗೆ ಚಿಕಿತ್ಸೆ ಕೊಡಬೇಕು ಎಂಬುದರಲ್ಲಿ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿಲ್ಲ. ಹೊರೆ ಎಲ್ಲಿ ಎಷ್ಟು ಎಂದು ನೋಡದೆ ಎರಡೂ ಕಡೆ ಮಾತನಾಡಿದವರು ಇದ್ದರು, ಅದು ನನಗೆ ನೋವಿನ ಸಂಗತಿ.

ಪ್ರಶ್ನೆ: ಇಷ್ಟು ವರ್ಷ ಮಾತ್ರೆ ಕೊಟ್ಟ ಮೇಲೂ ಕೊಕ್ಕೆಹುಳು ನಕ್ಷೆಯಿಂದ ಅಳಿದಿಲ್ಲವೇಕೆ?

ಉತ್ತರ: ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆ, ಮಣ್ಣಿನಲ್ಲಿರುವುದನ್ನಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಚಿಕಿತ್ಸೆಯಾದ ಒಂದು ವರ್ಷಕ್ಕೆ ದುಂಡುಹುಳುವಿನ ಪ್ರಮಾಣ ಮೊದಲಿದ್ದುದರ ಶೇಕಡಾ 94ಕ್ಕೆ, ಕೊಕ್ಕೆಹುಳುವಿನದು ಶೇಕಡಾ 57ಕ್ಕೆ ಮರಳಿತ್ತು. ಶೌಚಾಲಯ, ಚಪ್ಪಲಿ, ಶುದ್ಧ ನೀರು ಇಲ್ಲದಿದ್ದರೆ ಈ ಚಕ್ರ ನಿಲ್ಲದು.

ಕೊಕ್ಕೆಹುಳುವಿಗೆ ಇನ್ನೊಂದು ಕಾರಣವಿದೆ. ದುಂಡುಹುಳುವಿನಂತೆ ಇದು ಮಕ್ಕಳಲ್ಲೇ ಹೆಚ್ಚಲ್ಲ. ಹೊಲದಲ್ಲಿ ದುಡಿಯುವ ವಯಸ್ಕರಲ್ಲೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಶಾಲೆಯಲ್ಲಷ್ಟೇ ಮಾತ್ರೆ ಕೊಟ್ಟರೆ ಮನೆಯ ಹಿರಿಯರಿಂದ ಮಣ್ಣಿಗೆ ಮೊಟ್ಟೆ ಬೀಳುತ್ತಲೇ ಇರುತ್ತದೆ. ಕರಾವಳಿಯ ಕ್ವಾಲೆ ಕೌಂಟಿಯಲ್ಲಿ 120 ಸಮುದಾಯ ಘಟಕಗಳಲ್ಲಿ 2015ರಿಂದ 2017ರವರೆಗೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ತೋರಿಸಿತು. ವರ್ಷಕ್ಕೊಮ್ಮೆ ಶಾಲಾಮಕ್ಕಳಿಗೆ ಮಾತ್ರ ಮಾತ್ರೆ ಕೊಟ್ಟ ಕಡೆ ಸಮುದಾಯದ ಕೊಕ್ಕೆಹುಳು ಪ್ರಮಾಣ ಶೇಕಡಾ 18.6ರಿಂದ 13.8ಕ್ಕೆ ಇಳಿಯಿತು, ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಎಲ್ಲರಿಗೂ ಕೊಟ್ಟ ಕಡೆ 17.9ರಿಂದ 8.0ಕ್ಕೆ, ವರ್ಷಕ್ಕೆರಡು ಬಾರಿ ಕೊಟ್ಟ ಕಡೆ 20.6ರಿಂದ 6.2ಕ್ಕೆ. ಶಾಲಾಮಕ್ಕಳ ನಕ್ಷೆಯನ್ನು ಊರಿನ ನಕ್ಷೆ ಎಂದು ಓದಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಪ್ರಶ್ನೆ: ಡಬ್ಬಿ ತಂದುಕೊಟ್ಟ ಮಗುವಿಗೆ ಇದರಿಂದ ಏನು ಸಿಗುತ್ತದೆ? ತನ್ನ ಫಲಿತಾಂಶ ಅದಕ್ಕೆ ತಿಳಿಯುತ್ತದೆಯೇ?

ಉತ್ತರ: ತಿಳಿಯಬೇಕು, ಮತ್ತು ಚಿಕಿತ್ಸೆ ಸಿಗಬೇಕು. ಪೋಷಕರಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯುವುದು, ಮಗು ಬೇಡವೆಂದರೆ ಬಿಡುವುದು, ಸೋಂಕು ಕಂಡ ಮಗುವಿಗೆ ಸರಿಯಾದ ಔಷಧ ಕೊಡುವುದು ಸಮೀಕ್ಷೆಯ ನೀತಿಸಂಹಿತೆಯ ಭಾಗ. ಶಾಲೆಯಲ್ಲಿ ಸೋಂಕು ಹೆಚ್ಚಿದ್ದರೆ ಪರೀಕ್ಷೆಗೆ ಬಾರದ ಮಕ್ಕಳಿಗೂ ಮಾತ್ರೆ ಸಿಗುತ್ತದೆ. ಫಲಿತಾಂಶವನ್ನು ತರಗತಿಯಲ್ಲಿ ಹೆಸರು ಕೂಗಿ ಹೇಳಬಾರದು. ಡಬ್ಬಿಯ ಮೇಲೆ ಹೆಸರಿನ ಬದಲು ಸಂಖ್ಯೆ ಇರುವುದು ಅದಕ್ಕೇ. ಶಿಸ್ಟೊಸೋಮ ಕಂಡ ಮಕ್ಕಳಿಗೆ ಪ್ರಾಜಿಕ್ವಾಂಟೆಲ್ ಕೊಡುವ ದಿನ ಮೊದಲು ಹೊಟ್ಟೆಗೆ ಏನಾದರೂ ಕೊಟ್ಟಿರಬೇಕು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ, ಹೊಟ್ಟೆನೋವು ಹೆಚ್ಚು. ಎತ್ತರದ ಕೋಲಿನಲ್ಲಿ ಕೆಳಗಿನ ಗುರುತು ಇರುವುದು 94 ಸೆಂಟಿಮೀಟರಿಗೆ. ಅಕ್ಕನ ಕೈ ಹಿಡಿದು ಬಂದ, ಆ ಗುರುತನ್ನು ಮುಟ್ಟದ ತಮ್ಮ ತಂಗಿಯರಿಗೆ ಈ ಮಾತ್ರೆಗಳನ್ನು ಕೋಲಿನ ಅಳತೆಯಲ್ಲಿ ಕೊಡುವಂತಿಲ್ಲ. ಅವರ ಹೆಸರು, ಮನೆ ಬರೆದುಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕಳುಹಿಸುವ ಕೆಲಸ ಸಮೀಕ್ಷೆಯ ತಂಡದ್ದೇ.